ಗಡಿಬಿಡಿಯ ಅಕ್ಷತೆ

ನಮ್ಮ ಕಡೆ ಒಳ್ಳೆಯ ಮುಹೂರ್ತ ಇರುವ ಭಾನುವಾರ ಯಾರೂ ಒಂದೇ ಕಾರ್ಯಕ್ರಮಕ್ಕೆ ಹೋಗುವುದಿಲ್ಲ. ಒಂದು ಕಡೆ ತಿಂಡಿ, ಇನ್ನೊಂದು ಕಡೆ ಅಕ್ಷತೆ, ಮತ್ತೊಂದು ಕಡೆ ಊಟ. ಹೋಗದಿದ್ದರೆ ‘ಅವರು ಬರಲೇ ಇಲ್ಲ’ ಎಂಬ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ ಆಮಂತ್ರಣಗಳನ್ನು ನೋಡಿಕೊಂಡು ನಾನೂ ಇವರೂ ಹಿಂದಿನ ದಿನವೇ ದಾರಿ ಹೊಂದಿಸಿಕೊಳ್ಳುತ್ತೇವೆ.

ಆ ಭಾನುವಾರ ಸಿದ್ಧಕಟ್ಟೆಯಲ್ಲಿ ಗೃಹಪ್ರವೇಶ, ಮೂಡುಬಿದಿರೆಯಲ್ಲಿ ಇವರ ಸೋದರತ್ತೆಯ ಮೊಮ್ಮಗನ ಮದುವೆ, ಮಿಜಾರಿನಲ್ಲಿ ಸೀಮಂತ. ಕೊನೆಗೆ ಮಡಂತ್ಯಾರಿನ ಚಿಕ್ಕಮ್ಮನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನನ್ನ ಮನಸ್ಸಿದ್ದದ್ದು ಆ ಕೊನೆಯದರಲ್ಲಿ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಚಿಕ್ಕಮ್ಮ. ಮುಂದಿನ ಬುಧವಾರ ಅವಳಿಗೆ ಹೃದಯದ ಆಪರೇಷನ್ ಇತ್ತು.

“ಊಟಕ್ಕೆ ಎಲ್ಲರೂ ಬರ್ತಾರೆ ಮಗಾ. ನೀನು ಕಥೆಗೆ ಬಾ. ನನ್ನ ಹತ್ತಿರ ಕೂತುಕೊ. ನನಗೆ ಹೆದರಿಕೆ ಉಂಟು,” ಎಂದು ಫೋನಿನಲ್ಲಿ ಹೇಳಿದ್ದಳು. ಹೆದರಿಕೆ ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ.

“ಕಥೆ ಶುರುವಾಗುದು ಹನ್ನೆರಡಕ್ಕೆ ಅಲ್ವಾ? ಅಷ್ಟರಲ್ಲಿ ಮೂರೂ ಕಡೆ ಮುಖ ತೋರಿಸಿ ಬರುವ,” ಎಂದರು ಇವರು. ನಾನೂ ಹೂಂ ಎಂದೆ.

ಸಿದ್ಧಕಟ್ಟೆಯಲ್ಲಿ ಬಿಸಿ ಕಾಫಿಯನ್ನು ನಿಂತಲ್ಲೇ ಕುಡಿದು ನಾಲಿಗೆ ಸುಟ್ಟುಕೊಂಡೆ. ಮನೆಯಾಕೆ ಹೊಸ ಅಡುಗೆಮನೆ ತೋರಿಸುತ್ತೇನೆಂದು ಕೈ ಹಿಡಿದರೆ, ಬಾಗಿಲಿನಿಂದಲೇ ಇಣುಕಿ “ಚೆಂದ ಉಂಟು” ಎಂದು ಹೊರಟೆ. ಕಾರಿನಲ್ಲಿ ಕೂತರೂ ನನ್ನ ಬಲಗಾಲು ಇಲ್ಲದ ಆಕ್ಸಿಲರೇಟರನ್ನು ಒತ್ತುತ್ತಲೇ ಇತ್ತು. ಎದುರಿಗೆ ಲಾರಿ ಸಿಗಲಿಲ್ಲ, ದೇವರ ದಯೆ. ಮೂಡುಬಿದಿರೆಯ ಮದುವೆ ಹಾಲ್‌ನ ಹತ್ತಿರವೇ ಕಾರು ನಿಲ್ಲಿಸಲು ಜಾಗ ಸಿಕ್ಕಿತು, ಅದೂ ಅವನ ದಯೆಯೇ. ಇಂಥ ಸಣ್ಣಪುಟ್ಟದ್ದಕ್ಕೆಲ್ಲ ಮನಸ್ಸಿನಲ್ಲೇ ಕೈಮುಗಿಯುವುದು ನನ್ನ ಅಭ್ಯಾಸ.

ಇವರು ಮೆಟ್ಟಿಲು ಹತ್ತಿದರು, ಸೀರೆಯ ನೆರಿಗೆ ಎತ್ತಿಕೊಂಡು ನಾನೂ ಹತ್ತಿದೆ. ವೇದಿಕೆಯ ಮುಂದೆ ಹೆಚ್ಚು ಜನ ಇರಲಿಲ್ಲ. ಅಕ್ಷತೆ ಹಾಕಿದೆವು, ಫೋಟೋಕ್ಕೆ ನಿಂತೆವು. “ಅಮ್ಮಾ, ಇಲ್ಲಿ ನೋಡಿ,” ಎಂದ ಫೋಟೋದವನು. ನಾನು ವಾಚು ನೋಡುತ್ತಿದ್ದೆ. ಮದುಮಗ “ಊಟ ಮಾಡಿಕೊಂಡೇ ಹೋಗ್ಬೇಕು” ಎಂದ. “ಆಯ್ತು, ಆಯ್ತು” ಎಂದು ಇಳಿದು ಬಂದೆವು.

ಕೆಳಗೆ ಇನ್ನೊಂದು ಹಾಲ್. ಅದರ ಬಾಗಿಲಲ್ಲಿ ಇವರ ಸೋದರತ್ತೆ ನಿಂತಿದ್ದರು.

“ಈಗ ಬಂದದ್ದಾ? ಒಳಗೆ ಹೋಗಿ, ದೊಡ್ಡ ಕ್ಯೂ ಉಂಟು.”

ಇವರು ನನ್ನ ಮುಖ ನೋಡಿದರು. ಅತ್ತೆ ಆಚೆ ತಿರುಗಿದ ಮೇಲೆ ಮೆಲ್ಲಗೆ ಕೇಳಿದರು, “ಮೇಲೆ ಯಾರದ್ದು ಮದುವೆ ಮಾರಾಯ್ತಿ?”

“ನನಗೆಂತ ಗೊತ್ತು? ನೀವು ಹತ್ತಿದಿರಿ, ನಾನು ಹತ್ತಿದೆ. ಅತ್ತೆಯ ಮೊಮ್ಮಗನನ್ನು ನಾವು ನೋಡದೆ ಎಷ್ಟು ವರ್ಷ ಆಯ್ತು!”

“ಹೋಗ್ಲಿ ಬಿಡು. ಅಕ್ಷತೆ ಅಲ್ವಾ, ಯಾರ ತಲೆಗೆ ಬಿದ್ದರೂ ಒಳ್ಳೆಯದೇ.”

ನನಗೂ ನಗು ಬಂತು. ನಗುತ್ತಿದ್ದ ಹಾಗೆಯೇ, ಅಕ್ಷತೆ ಹಾಕುವಾಗ ನಾನು ಬೇಡಿಕೊಂಡದ್ದು ನೆನಪಾಯಿತು: ‘ದೇವರೇ, ಇಲ್ಲಿಂದ ಒಮ್ಮೆ ಬೇಗ ಹೊರಡಿಸು.’ ಆ ಮದುಮಕ್ಕಳಿಗೆ ಏನನ್ನೂ ಬೇಡಿರಲಿಲ್ಲ. ಆ ಹುಡುಗಿಯ ಮುಖವನ್ನೂ ನಾನು ನೋಡಿರಲಿಲ್ಲ. ಚಿಕ್ಕಮ್ಮನ ಮನೆಗೆ ಹೋದರೂ ಹೀಗೆಯೇ ವಾಚು ನೋಡುತ್ತಾ ಕೂರುತ್ತೇನಲ್ಲವೇ ಎನಿಸಿತು.

“ನೀವು ಕ್ಯೂ ನಿಲ್ಲಿ,” ಎಂದೆ. “ನಾನು ಚಿಕ್ಕಮ್ಮನಲ್ಲಿಗೆ ಬಸ್ಸಿನಲ್ಲಿ ಹೋಗ್ತೇನೆ.”

“ಮಿಜಾರಿನವರು ಕೇಳಿದರೆ ಎಂತ ಹೇಳುದು?”

“ಬರ್ಲಿಕ್ಕೆ ಆಗ್ಲಿಲ್ಲ ಅಂತ ಹೇಳಿ. ಸತ್ಯವೇ ಅಲ್ವಾ?”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಷ್ಟಕ್ಕೆ ಮನಸ್ಸು ತಣ್ಣಗಾಯಿತು ಎಂದರೆ ಸುಳ್ಳಾದೀತು. ವೇಣೂರಿನಲ್ಲಿ ಬಸ್ಸು ನಿಂತದ್ದು ತುಂಬಾ ಹೊತ್ತು ಹೊರಡಲೇ ಇಲ್ಲ. ಮಿಜಾರಿನವರು ಬೇಸರ ಮಾಡಿಕೊಂಡಾರು, ಅತ್ತೆ ಏನೆಂದುಕೊಂಡರೋ ಎಂದು ತಲೆಯಲ್ಲಿ ಅದೇ ಸುತ್ತುತ್ತಿತ್ತು. ಗುರುವಾಯನಕೆರೆಯಲ್ಲಿ ಇಳಿದು ಬಸ್ಸು ಬದಲಿಸುವಾಗ ಓಡಿದೆ. ಮಡಂತ್ಯಾರಿನಲ್ಲಿ ಇಳಿದ ಮೇಲೂ ಓಡಿದೆ.

ಕಥೆ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಚಿಕ್ಕಮ್ಮ ತನ್ನ ಪಕ್ಕದ ಚಾಪೆಯ ಮೇಲೆ ಕೈಚೀಲ ಇಟ್ಟು ನನಗೆ ಜಾಗ ಹಿಡಿದಿದ್ದಳು. ಭಟ್ಟರು ಆಗ ಓದುತ್ತಿದ್ದದ್ದು, ಸಾಹುಕಾರನ ಮಗಳು ಪ್ರಸಾದ ತೆಗೆದುಕೊಳ್ಳದೆ ಗಂಡನನ್ನು ನೋಡಲು ಓಡಿದ ಭಾಗ.

“ನಿನ್ನ ಕಥೆಯೇ ಓದ್ತಾ ಇದ್ದಾರೆ, ಕೇಳು,” ಎಂದು ಪಿಸುಗುಟ್ಟಿದಳು. ನನ್ನ ಕೈ ಹಿಡಿದ ಅವಳ ಕೈ ತಣ್ಣಗಿತ್ತು.

ನನ್ನ ಕಾಲು ಇನ್ನೂ ಅಲುಗುತ್ತಿತ್ತು. ಕೈಚೀಲದೊಳಗೆ ಫೋನು ಎರಡೆರಡು ಸಲ ಗುರುಗುಟ್ಟಿತು. ತೆಗೆಯಲಿಲ್ಲ. ಮಂಗಳಾರತಿಯಾಗಿ, ಪ್ರಸಾದದ ಸಪಾದ ಭಕ್ಷ್ಯ ಇನ್ನೊಂದು ಕೈಗೆ ಬಿದ್ದು, ಊಟದ ಎಲೆ ಹಾಕುವವರೆಗೂ ಅವಳು ಕೈ ಬಿಡಲಿಲ್ಲ.

“ಬುಧವಾರವೂ ಹೀಗೆಯೇ ಏದುಸಿರು ಬಿಡ್ತಾ ಬರುದಾ?” ಎಂದು ಕೇಳಿದಳು.

“ಇಲ್ಲ. ಹಿಂದಿನ ದಿನವೇ ಬರ್ತೇನೆ.”

ಬುಧವಾರಕ್ಕೂ ಫ್ರಿಜ್ಜಿನ ಮೇಲೆ ಎರಡು ಆಮಂತ್ರಣಗಳಿದ್ದವು. ಬರಲಿಕ್ಕೆ ಆಗುವುದಿಲ್ಲ ಎಂದು ಎರಡೂ ಮನೆಗೆ ನಾನೇ ಫೋನು ಮಾಡಿದೆ. ಒಬ್ಬಾಕೆ “ನೀವೆಲ್ಲ ಈಗ ದೊಡ್ಡವರಾದಿರಿ” ಎಂದಳು. ಆ ಮಾತು ಚುಚ್ಚಿತು, ಈಗಲೂ ಚುಚ್ಚುತ್ತದೆ.

ಆಸ್ಪತ್ರೆಯಲ್ಲಿ ಚಿಕ್ಕಮ್ಮನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಬಾಗಿಲಿನ ಎದುರಿನ ಕುರ್ಚಿಯಲ್ಲಿ ಕೂತೆ. ‘ಅವಳನ್ನು ಉಳಿಸಿ ಕೊಡು’ ಎಂದು ಅದೊಂದನ್ನೇ ಬೇಡಿದೆ. ಮನಸ್ಸು ನೂರು ಕಡೆ ಹರಿದು ಮತ್ತೆ ಅಲ್ಲಿಗೇ ಬರುತ್ತಿತ್ತು. ಡಾಕ್ಟರು ಹೊರಗೆ ಬಂದು “ಎಲ್ಲ ಸರಿಯಾಗಿದೆ” ಎಂದಾಗ ಏಳಲು ಹೋದೆ, ಆಗಲಿಲ್ಲ. ಅಷ್ಟು ಹೊತ್ತು ಅಲುಗದೆ ಕೂತು ಎರಡೂ ಕಾಲು ಜೋಮು ಹಿಡಿದಿದ್ದವು. ಕೂತಲ್ಲಿಂದಲೇ ಕೈಮುಗಿದೆ.