ಮೀನು ಬೇಡದ ದಿನ

ತೆಂಗಿನಹಾಲಿನಲ್ಲಿ ಕಲಸಿದ ಹೊಸಕ್ಕಿಯ ಪರಿಮಳ ಇಂದು ಓಣಿಯಲ್ಲೇ ಸಿಕ್ಕಿತು. ಕ್ರೈಸ್ತರ ತೆನೆಹಬ್ಬ!

ನಾನು ಚಿಕ್ಕವಳಿದ್ದಾಗ ಅಮ್ಮ ನನ್ನನ್ನೂ ಕರೆದುಕೊಂಡು ಬ್ರಹ್ಮಾವರದ ಮನೆಮನೆಗೆ ಮೀನು ಹೊತ್ತು ಮಾರುತ್ತಿದ್ದಳು. ತೆನೆಹಬ್ಬದಂದು ಕ್ರೈಸ್ತರ ಮನೆಗಳಲ್ಲಿ ಸಸ್ಯಾಹಾರದ ಊಟ, ಮೀನು ಬೇಯುವುದಿಲ್ಲ. ಒಮ್ಮೆ ಅದನ್ನು ಮರೆತೇ ಹೋಗಿದ್ದೆವು. ಬಾಗಿಲು ಬಾಗಿಲಲ್ಲೂ ‘ಇವತ್ತ್ ಬ್ಯಾಡ’ ಎಂದರು. ಕೊನೆಯ ಮನೆಯ ಮುದುಕಿ ರೋಸಿಬಾಯಿ ಮಾತ್ರ, “ಹ್ವಾಯ್, ಮೀನ್ ಬ್ಯಾಡ, ನೀನ್ ಬಾ. ಮಗಳನ್ನೂ ಕರ್ಕಂಡ್ ಊಟಕ್ಕೆ ಕೂಕೋ” ಎಂದರು.

ಅಮ್ಮ ಮೆಟ್ಟಿಲಲ್ಲೇ ನಿಂತಳು. “ಮೈಯೆಲ್ಲ ಮೀನ್ ವಾಸ್ನಿ, ಬಾಯಮ್ಮ.”

“ನಮ್ ಯೇಸು ಮೊದ್ಲ್ ಕರ್ದದ್ದೇ ಮೀನ್ ಹಿಡುವರನ್ನ. ಅವ್ನಿಗೆ ಈ ವಾಸ್ನಿ ಹೊಸ್ತಲ್ಲ, ಬಾ.”

ಅವರ ಮನೆಮಂದಿಯ ಸಾಲಿನಲ್ಲೇ ನಮಗೂ ಎಲೆ ಹಾಕಿದರು.

ಅಮ್ಮ ಬುಟ್ಟಿ ಹೊರುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಇಂದು ಅದೇ ಮನೆಗೆ ಊಟಕ್ಕೆ ಬಂದವಳು, ಮೆಟ್ಟಿಲ ಬಳಿ ಸೆರಗು ಮೂಸಿ ನೋಡಿಕೊಂಡು ನಕ್ಕಳು.