‘ನೋಡುವ’ ಎಂದರೆ ಬರುವುದಿಲ್ಲ

ನಮ್ಮ ಕಡೆಯವರಿಗೆ ‘ಆಗುವುದಿಲ್ಲ’ ಎಂದು ಮುಖಕ್ಕೆ ಹೇಳಿ ಅಭ್ಯಾಸವಿಲ್ಲ. ತುಳುವಿನಲ್ಲಿ ‘ತೂಕ’ ಎನ್ನುತ್ತೇವೆ, ಕನ್ನಡದಲ್ಲಿ ‘ನೋಡುವ’. ಹೇಳಿದವರಿಗೂ ಕೇಳಿದವರಿಗೂ ಅದರ ಅರ್ಥ ಗೊತ್ತು. ಈ ಮಾತಿನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮೊಮ್ಮಕ್ಕಳೇ, ನೀವಿಬ್ಬರೂ ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೀರಿ. ನಿಮ್ಮನ್ನು ಎದುರು ಕೂರಿಸಿ ಹೇಳಲು ನನ್ನಿಂದಾಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಶಿರ್ತಾಡಿಯ ನನ್ನ ತಂಗಿಯ ಮನೆ ಗುಡ್ಡದ ಮೇಲಿದೆ. ಕೆಳಗಿನ ಜಾಗದವರು ಹೊಸ ಮನೆ ಕಟ್ಟಿಸಲು ಹೊರಟರು. ಕಾರು ತಿರುಗಿಸಲು ಅಂಗಳ ಬೇಕಂತೆ, ಅದಕ್ಕೆ ಗುಡ್ಡವನ್ನು ನೆಟ್ಟಗೆ ಕಡಿಯಬೇಕಂತೆ. ಇಂಜಿನಿಯರಾಗಿ ಬೆಳ್ತಂಗಡಿಯಲ್ಲಿ ಆಫೀಸು ಇಟ್ಟುಕೊಂಡಿರುವ ನಿಮ್ಮ ಅಕ್ಕನ ಹತ್ತಿರವೇ ಮೊದಲು ಬಂದರು. ಅವಳು ಜಾಗ ನೋಡಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ನೀರು ಇಳಿಯಲು ತೂತು ಬಿಟ್ಟು ಗೋಡೆ ಕಟ್ಟಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಮೇಲಿನ ಮನೆ ಕೆಳಗೆ ಬರುತ್ತದೆ ಎಂದಳು. ಅವರು ನಕ್ಕು ‘ನೋಡುವ’ ಎಂದು ಹೋದರು. ಬಂಟ್ವಾಳದ ಇನ್ನೊಬ್ಬ ಇಂಜಿನಿಯರು ಗುಡ್ಡದ ಮುಖವನ್ನೂ ನೋಡದೆ ಪ್ಲಾನಿಗೆ ಸಹಿ ಹಾಕಿ ಕೊಟ್ಟರು. ಜೆಸಿಬಿ ಬಂತು. ತಂಗಿಯ ಬಟ್ಟೆ ಒಗೆಯುವ ಕಲ್ಲಿನ ಆಚೆ ನೆಲವೇ ಇಲ್ಲದ ಹಾಗಾಯಿತು.

‘ನೀನು ಸುಮ್ಮನೆ ಕೂತದ್ದಾ?’ ಎಂದು ನಿಮ್ಮ ಅಕ್ಕನನ್ನು ಕೇಳಿದೆ.

‘ನಾನೊಬ್ಬಳು ಎಂತ ಮಾಡುವುದು ಅಜ್ಜಿ? ನಾನು ಬೇಡ ಅಂದ್ರೆ ಇನ್ನೊಬ್ಬ ಆಯ್ತು ಅಂತಾನೆ.’

‘ನಿಮ್ಮ ಇಂಜಿನಿಯರುಗಳದ್ದೊಂದು ಸಂಘ ಉಂಟಲ್ಲ?’

‘ಉಂಟು. ಶಾಲು ಹೊದಿಸ್ಲಿಕ್ಕೆ, ಊಟ ಹಾಕ್ಲಿಕ್ಕೆ.’

ಆಗ ನನ್ನ ಮೈ ಉರಿಯಿತು. ನರಿಕೊಂಬಿನಲ್ಲಿ ನಾವು ಬೀಡಿ ಕಟ್ಟುತ್ತಿದ್ದ ಕಾಲದಲ್ಲಿ, ಒಳ್ಳೆಯ ಬೀಡಿಯನ್ನೂ ಎಲೆ ಸರಿ ಇಲ್ಲ ಎಂದು ಮುರಿದು ಬಿಸಾಡಿ ಕೂಲಿ ಹಿಡಿಯುವ ಕಂಟ್ರಾಕ್ಟರನೊಬ್ಬನಿದ್ದ. ಒಬ್ಬಳೇ ಕೇಳಿದರೆ, ‘ನಿನ್ನ ಗಂಡನಿಗೆ ಸೇದ್ಲಿಕ್ಕೆ ಕೊಡು’ ಎನ್ನುತ್ತಿದ್ದ. ನಮ್ಮದೊಂದು ಸಂಘವಾದ ಮೇಲೆ ಒಂದು ದಿನ ಎಲ್ಲರೂ ಬೀಡಿಯ ಮೊರ ಕೆಳಗಿಟ್ಟು ಅವನ ಬಾಗಿಲಲ್ಲಿ ಕೂತೆವು. ನಾನು ಹಿಂದಿನ ಸಾಲಿನವಳು, ಒಂದು ಮಾತೂ ಆಡಲಿಲ್ಲ. ಆದರೆ ಕೂತಿದ್ದೆ. ಅವನ ಕೈ ಅವತ್ತಿಗೇ ನಿಂತಿತು. ಊರಿನ ಶಾಲೆಯನ್ನೂ ಮುಗಿಸದ ಹೆಂಗಸರಿಗೆ ತಿಳಿದದ್ದು ಇಷ್ಟು ಓದಿದವರಿಗೆ ಯಾಕೆ ತಿಳಿಯುವುದಿಲ್ಲ? ಸಂಘದಲ್ಲಿ ಬರೀ ಶಾಲು ಎಂದು ದೂರುವವರು, ಶಾಲು ಹೊದಿಸುವವರಿಗೇ ಅದನ್ನು ಬಿಟ್ಟುಕೊಟ್ಟವರು.

ಆ ಇಂಜಿನಿಯರುಗಳ ಸಂಘದ ಕಾರ್ಯದರ್ಶಿ ಧಾರವಾಡದ ಕಡೆಯವರು, ಇಲ್ಲಿಗೆ ಬಂದು ಹೆಚ್ಚು ಸಮಯವಾಗಿರಲಿಲ್ಲ. ಶಿರ್ತಾಡಿಯ ಸುದ್ದಿ ಕೇಳಿ ಅವರು ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

‘ಮೇಡಂ, ರವಿವಾರ ಬಂಟ್ವಾಳದಾಗ ಮೀಟಿಂಗ್ ಐತ್ರಿ. ಗುಡ್ಡ ಕಡಿಯೋದರ ಬಗ್ಗೆ ನಾಕು ಮಾತು ಆಡ್ರಲ್ಲ.’

‘ಮಾತಾಡುವ ಸರ್, ನೋಡುವ’ ಎಂದು ಇವಳು ಫೋನ್ ಇಟ್ಟಳು.

ನಮ್ಮವರಾಗಿದ್ದರೆ ಇವಳು ಬರುವುದಿಲ್ಲ ಎಂದು ಅಲ್ಲಿಗೇ ಬಿಡುತ್ತಿದ್ದರು. ಅವರು ಒಪ್ಪಿಗೆ ಎಂದುಕೊಂಡು ಮೀಟಿಂಗಿನ ಆಮಂತ್ರಣಕ್ಕೆ ಇವಳ ಫೋಟೋ ಹಾಕಿ ಎಲ್ಲರ ಮೊಬೈಲಿಗೂ ಕಳಿಸಿಬಿಟ್ಟರು.

‘ಅಜ್ಜಿ, ನಾನು ನೋಡುವ ಅಂತ ಹೇಳಿದ್ದು ಮಾತ್ರ.’

‘ಹೇಳಿದಿಯಲ್ಲ, ಇನ್ನು ಹೋಗಿ ನೋಡು.’

ಅವಳು ದಾರಿಯಲ್ಲಿ ತಪ್ಪಿಸಿಕೊಂಡಾಳೆಂದು ನಾನೂ ಜೊತೆಗೆ ಹೋದೆ. ದೊಡ್ಡ ಹಾಲ್, ಅರ್ಧದಷ್ಟು ಕುರ್ಚಿ ಖಾಲಿ. ಸಂಘಕ್ಕೆ ಸೇರಿದ ಮೂರು ತಾಲೂಕಿನಲ್ಲಿ ಇಂಜಿನಿಯರುಗಳಿಗೆ ಬರಗಾಲವೇ? ಮೊದಲು ಶಾಲುಗಳಾದವು, ಮತ್ತೆ ಇವಳ ಸರದಿ. ಮೊಬೈಲಿನಲ್ಲಿದ್ದ ಕಡಿದ ಗುಡ್ಡದ ಚಿತ್ರವನ್ನು ಪರದೆಗೆ ಹಾಕಿ, ‘ಇದು ನನ್ನ ಅಜ್ಜಿಯ ತಂಗಿಯ ಮನೆ. ಸಹಿ ನಮ್ಮಲ್ಲೇ ಒಬ್ಬರದ್ದು’ ಎಂದಳು.

ನನ್ನ ಎದುರಿನ ಸಾಲಿನಲ್ಲಿ ಗೋಳಿಬಜೆ ತಿನ್ನುತ್ತಿದ್ದವರೊಬ್ಬರು ತಟ್ಟೆ ಕೆಳಗಿಟ್ಟರು. ‘ಪ್ಲಾನ್ ಸರಿ ಉಂಟು ಮಾರಾಯ್ರೆ. ಸೈಟಿಗೆ ಹೋಗ್ಲಿಕ್ಕೆ ಆಗ್ಲಿಲ್ಲ, ಅಷ್ಟೇ.’

ಅಷ್ಟೇ ಅಂತೆ. ಕೂತಲ್ಲಿಂದ ನನ್ನ ಬಾಯಿಂದ ಮಾತು ಬಂದೇಬಿಟ್ಟಿತು: ‘ಹಾಗಾದ್ರೆ ಈಗ ಹೋಗುವ.’ ಎಲ್ಲರೂ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿದೆ.

‘ಅಜ್ಜಿ ಹೇಳೋದು ಖರೇ ಐತಿ. ಹೋಗೋಣ ನಡೀರಿ’ ಎಂದು ಆ ಕಾರ್ಯದರ್ಶಿ ಎದ್ದೇಬಿಟ್ಟರು.

ಊಟ ಬಿಟ್ಟು ಕಾರುಗಳು ಶಿರ್ತಾಡಿಗೆ ಹೋದವು. ಸಹಿ ಹಾಕಿದವರು ಕಡಿದ ಮಣ್ಣಿನ ಬುಡದಲ್ಲಿ ನಿಂತು ಮೇಲೆ ನೋಡಿದರು. ಮಾರನೆಯ ದಿನ ಸಹಿ ವಾಪಸು ತೆಗೆದುಕೊಂಡರು. ಜಾಗದವರು ಬೇರೆಯವರ ಬಾಗಿಲು ತಟ್ಟಿದರು. ಅಷ್ಟರಲ್ಲಿ ಇಂಜಿನಿಯರುಗಳು ಒಬ್ಬರಿಗೊಬ್ಬರು ಹೇಳಿಕೊಂಡಾಗಿತ್ತು, ಯಾರೂ ಮುಟ್ಟಲಿಲ್ಲ. ಕೊನೆಗೆ ನಿಮ್ಮ ಅಕ್ಕ ಹೇಳಿದ ಹಾಗೆಯೇ ಮೆಟ್ಟಿಲು ಕಡಿದು, ತೂತು ಬಿಟ್ಟು ಗೋಡೆ ಎದ್ದಿತು. ಈ ಮಳೆಗಾಲ ತಂಗಿ ತನ್ನ ಮನೆಯಲ್ಲೇ ಮಲಗಿದಳು.

ಇದನ್ನು ಕೇಳಿದವರೆಲ್ಲ, ಒಳ್ಳೆಯದಾಯಿತಲ್ಲ, ಇನ್ನೂ ಯಾಕೆ ಸಿಟ್ಟು ಎನ್ನುತ್ತಾರೆ. ಧಾರವಾಡದವರೊಬ್ಬರಿಗೆ ನಮ್ಮ ಮಾತು ಅರ್ಥವಾಗದೆ ಇದ್ದುದರಿಂದ ನನ್ನ ತಂಗಿ ಉಳಿದಳು. ಅರ್ಥವಾಗಿದ್ದರೆ? ಆ ಹಾಲಿನ ಖಾಲಿ ಕುರ್ಚಿಗಳು ನನ್ನ ಕಣ್ಣಿನಿಂದ ಹೋಗುವುದಿಲ್ಲ.

ನೀವು ಓದಿ ಮುಗಿಸಿದ ಮೇಲೆ ಸಂಘದವರು ನಿಮಗೂ ಫೋನ್ ಮಾಡುತ್ತಾರೆ. ಮಾತಾಡಲು ನಾಚಿಕೆಯಾದರೆ ಹಿಂದಿನ ಸಾಲಿನಲ್ಲಿ ಕೂರಿ, ನನ್ನ ಹಾಗೆ. ಆದರೆ ‘ನೋಡುವ’ ಎನ್ನಬೇಡಿ. ‘ಬರ್ತೇನೆ’ ಎನ್ನಿ, ಹೋಗಿ.