ಬೆನ್ನ ಮೇಲಿನ ರೇಡಿಯಂ

ಅವನ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದ ಒಂಬತ್ತೂ ಗ್ರೀಸು ಮೆತ್ತಿ ಸವೆದಿದ್ದವು. ಆ ಒಂದನ್ನು ರೇಡಿಯಂ ಸ್ಟಿಕ್ಕರಿನ ಹಿಂದಿನ ಕಾಗದ ಎಬ್ಬಿಸುವುದಕ್ಕೆಂದೇ ಬೆಳೆಸಿದ್ದ. ಕುಂದಾಣದ ರಸ್ತೆಯಲ್ಲಿ ಹಾಲಿನ ಡೈರಿಯ ಎದುರಿಗೇ ಅವನ ಸೈಕಲ್ ಶಾಪು. ಬರೀ ಗಾಳಿ ಹೊಡೆಸಲು ಹೋದರೂ ಮಡ್‌ಗಾರ್ಡಿಗೆ ಒಂದು ಕೆಂಪು ತುಂಡು ಅಂಟಿಸದೆ ಬಿಡುತ್ತಿರಲಿಲ್ಲ. ಬೇಡ ಎಂದವರ ಮೇಲೆ ರೇಗುತ್ತಿದ್ದ.

ನಾನು ಓದಿದ್ದು ಮೂರನೇ ಕ್ಲಾಸು. ಸೈಕಲ್ ಕಲಿತದ್ದು ಮೊಮ್ಮಗಳು ಹುಟ್ಟಿದ ಮೇಲೆ. ಆವತ್ತಿನಿಂದ ಎರಡು ಹೊತ್ತೂ ಡೈರಿಗೆ ಹಾಲು ಹಾಕುವವಳು ನಾನೇ. ಏರ್‌ಪೋರ್ಟು ಬಂದ ಮೇಲೆ ಕಾರು, ಟಿಪ್ಪರ್‌ನವರಿಗೆ ಸೈಕಲ್ಲಿನ ನಾವೇ ಅಡ್ಡ ಬಂದವರಾದೆವು.

ಒಂದು ಆಯುಧಪೂಜೆಯ ದಿನ ಸೈಕಲ್ ತೊಳೆದು, ಮುಂದಿನ ಲೈಟಿಗೆ ಅರಿಶಿನ ಕುಂಕುಮ ಬಳಿದೆ. ಹಿಂದಿನ ಕೆಂಪು ಲೈಟು, ಅವನು ಅಂಟಿಸಿದ್ದ ತುಂಡು ಎರಡೂ ಮುಚ್ಚುವ ಹಾಗೆ ಚೆಂಡುಹೂವಿನ ಹಾರ ಕಟ್ಟಿದೆ. ಸಂಜೆ ಮಬ್ಬಿನಲ್ಲಿ ಡೈರಿಯ ಹತ್ತಿರ ಬಂದಾಗ ಹಿಂದಿನಿಂದ ಕಾರು ತಾಗಿತು. ನಾನು ಚರಂಡಿಗೆ, ಹಾಲು ರಸ್ತೆಗೆ.

"ಅಜ್ಜೀ, ಕಾಣ್ಲಿಲ್ಲ" ಎಂದ ಕಾರಿನವನು.

ಶಾಪಿನವನು ಎದ್ದು ಬಂದ. "ಕಾಣ್ದೇ ಇದ್ರೆ ಮೆಲ್ಲಗೆ ಓಡಿಸ್ಬೇಕು ಗುರು. ಬಾ, ರಿಮ್ಮು ಹಿಡ್ಕೊ."

ಕಾರಿನವನ ಕೈಯಲ್ಲೇ ಚಕ್ರ ಹಿಡಿಸಿ ಸೊಟ್ಟ ತೆಗೆದ. ಬಿಳಿ ಅಂಗಿಗೆಲ್ಲ ಗ್ರೀಸು ಮೆತ್ತಿಸಿಯೇ ಕಳಿಸಿದ. ಆಮೇಲೆ ನನ್ನ ಸೈಕಲ್ಲಿನ ಹಾರ ಕಿತ್ತು ನನ್ನ ಮುಂದೆ ಹಿಡಿದ.

"ಏನಮ್ಮಾ, ಮನೇಲಿ ದೀಪ ಹಚ್ಬಿಟ್ಟು ಮೇಲೆ ಮಕ್ಕರಿ ಕವುಚ್ತೀಯಾ?"

ತಪ್ಪು ನನ್ನದೂ ಇತ್ತು.

ಅಷ್ಟರಲ್ಲಿ ಸುದ್ದಿ ತಿಳಿದು ಮಗ ಬಂದ. "ಸಾಕು ಕಣಮ್ಮ. ನಾಳೇನೇ ಇದನ್ನ ಗುಜ್ರಿಗೆ ಹಾಕ್ತೀನಿ."

ಸೈಕಲ್ ಹೋದರೆ ಇನ್ನು ಎಲ್ಲಿಗೆ ಹೋಗಬೇಕಾದರೂ ನಾನು ಮಗನ ಬೈಕಿಗೆ ಕಾಯಬೇಕು. ಅದು ನನ್ನಿಂದ ಆಗದು. ನಾನು ಬಾಯಿ ತೆಗೆಯುವ ಮೊದಲೇ ಶಾಪಿನವನು ಹೇಳಿದ: "ಹಾಕಪ್ಪಾ. ನಿಮ್ಮಮ್ಮ ಮನೇಲಿ ಕೂತ್ಬಿಟ್ರೆ ಕಾರಿನೋರೆಲ್ಲಾ ನೆಟ್ಟಗಾಗ್ತಾರಾ?"

"ಬೆಳಗ್ಗೆ ಹಾಲು ನಾನೇ ತರ್ತೀನಿ" ಎಂದೆ. ಮಗ ಬೈಕ್ ಹತ್ತಿ ಹೋದ.

ಶಾಪಿನವನು ನನ್ನ ಸ್ವೆಟರ್ ಇಸಿದುಕೊಂಡು, ಸೀಟು ಹೊಲಿಯುವ ದಬ್ಬಳದಲ್ಲಿ ಅದರ ಬೆನ್ನಿಗೆ ಎರಡು ರೇಡಿಯಂ ಪಟ್ಟಿ ಹೊಲಿದ. ಹಾಲಿನ ಕ್ಯಾನಿಗೂ ಒಂದು ಅಂಟಿಸಿದ. ಮಾರನೆಯ ಬೆಳಗ್ಗೆ ಡೈರಿ ಸಾಲಿನವರು ನಕ್ಕರು. "ಟಿಪ್ಪರ್ ಬಂತು, ದಾರಿ ಬಿಡ್ರಲಾ!"

"ಹೂಂ, ಬಿಡ್ರಿ" ಎಂದೆ. ಬಿಟ್ಟರು.

ಹೋದ ವರ್ಷ ಶಾಪಿನವನು ಸಕ್ಕರೆ ಕಾಯಿಲೆಯಲ್ಲಿ ಹೋದ. ನಾನು ಅಳಲಿಲ್ಲ. ಡೈರಿಗೆ ಹಾಲು ಹಾಕಿ, ಅದೇ ಸ್ವೆಟರಿನಲ್ಲಿ ಮಣ್ಣಿಗೆ ಹೋಗಿಬಂದೆ.

ಈಗ ಆಯುಧಪೂಜೆಗೆ ಹೂವು, ಕುಂಕುಮ ಎಲ್ಲ ಹ್ಯಾಂಡಲಿಗೆ ಮಾತ್ರ. ಲೈಟುಗಳನ್ನು ಸೆರಗಿನಲ್ಲಿ ಒರೆಸಿ ಹಚ್ಚಿಕೊಂಡು ಹೊರಡುತ್ತೇನೆ. ಮುಚ್ಚಿದ ಅವನ ಶಾಪಿನ ಮುಂದೆ ಹಿಂದೆ ಬರುವ ಯಾವನೋ ಕಾರಿನವನು ಹಾರ್ನ್ ಹೊಡೆಯುತ್ತಾನೆ. ನಾನು ಚರಂಡಿಯ ಕಡೆ ಸರಿಯುವುದಿಲ್ಲ. ಹಾರ್ನ್ ಹೊಡೆದ ಅಂದರೆ ಅವನಿಗೆ ನಾನು ಕಂಡಿದ್ದೇನೆ ಅಂತ ತಾನೇ?

ಕಾಯಲಿ.